ಎಚ್ಚರಿಕೆಯ ಮಾತು ಕೊನೆಯ ಬಾಗಿಲಿಗೆ ಮುಟ್ಟಲಿ

೨೦೨೦ನೆಯ ಇಸವಿಯ ಜೂನ್ ೩ರಂದು ಮುಂಬಯಿಯ ದಕ್ಷಿಣಕ್ಕೆ ಅಲಿಬಾಗದ ಕಡೆಯ ಕರಾವಳಿಗೆ ಬಂದು ಬಡಿದ ಚಂಡಮಾರುತದ ಹೆಸರು ವಾಚಕರಿಗೆ ನೆನಪಿರಬಹುದು. ಅದನ್ನು 'ನಿಸರ್ಗ' ಎಂದು ಕರೆದರು. ನಮ್ಮ ಭಾಷೆಯಲ್ಲಿಯೂ ಬಳಕೆಯಲ್ಲಿರುವ ಈ ಶಬ್ದವನ್ನು ಕೇಳಿ, ಇದು ನಮ್ಮ ದೇಶದವರೇ ಯಾರೋ ಇಟ್ಟ ಹೆಸರೆಂದು ಅನೇಕರು ಭಾವಿಸಿರಬಹುದು. ವಸ್ತುತಃ ಆ ಹೆಸರನ್ನು ಸೂಚಿಸಿದ್ದು ಬಾಂಗ್ಲಾದೇಶ. ಮರುವರ್ಷ ಮೇ ತಿಂಗಳಲ್ಲಿ ಕರ್ನಾಟಕದ ಕರಾವಳಿಯನ್ನು ಅಲ್ಲಾಡಿಸಿ, ಮುಂಬಯಿಯ ಪಕ್ಕದಿಂದ ಹಾದು, ಗುಜರಾತಿನ ತೀರವನ್ನು ಸೇರಿದ 'ತೌಕ್ತೆ' ಎಂಬುದು ಬರ್ಮಾ, ಅಂದರೆ ಈಗಿನ ಮ್ಯಾನ್ಮಾರ್, ಕೊಟ್ಟ ಹೆಸರು. ಹಲ್ಲಿಯ ಜಾತಿಯ ಒಂದು ಪ್ರಾಣಿಯನ್ನು ಅಲ್ಲಿನವರು ಹಾಗೆ ಕರೆಯುತ್ತಾರೆ. ೨೦೨೩ರ ದಶಂಬರದಲ್ಲಿ ಚೆನ್ನೈ ನಗರವನ್ನು ನೀರಿನಲ್ಲಿ ನಿಲ್ಲಿಸಿದ 'ಮಿಚಾಂಗ್' ಕೂಡ ಆ ದೇಶವೇ ಇಟ್ಟ ಹೆಸರು.

ಹೆಸರಿನ ಮಾತು ಮೇಲುನೋಟಕ್ಕೆ ಅಲ್ಪವೆನಿಸಿದರೂ ಅದರ ಹಿಂದಿರುವ ಏರ್ಪಾಡು ಅಲ್ಪವಾದುದಲ್ಲ. ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮಾಲ್ದೀವ್, ಮ್ಯಾನ್ಮಾರ್, ಥಾಯ್ಲೆಂಡ್, ಇರಾನ್, ಒಮಾನ್, ಕತಾರ್, ಸೌದಿ ಅರೇಬಿಯಾ, ಸಂಯುಕ್ತ ಅರಬ್ ಸಂಸ್ಥಾನಗಳು ಮತ್ತು ಯೆಮೆನ್, ಈ ೧೩ ರಾಷ್ಟ್ರಗಳು ಚಂಡಮಾರುತದ ವಿಷಯದಲ್ಲಿ ಒಂದೇ ಮಂಡಲಿಯ ಸದಸ್ಯರು. ೧೯೭೨ರಲ್ಲಿ ವಿಶ್ವ ಹವಾಮಾನ ಸಂಸ್ಥೆಯೂ ವಿಶ್ವಸಂಸ್ಥೆಯ ಏಷ್ಯಾ ಆಯೋಗವೂ ಕೂಡಿ ಈ ಮಂಡಲಿಯನ್ನು ಕಟ್ಟಿದವು. ೨೦೦೪ರಲ್ಲಿ ಆಗಿನ ೮ ಸದಸ್ಯ ರಾಷ್ಟ್ರಗಳು ತಲಾ ೮ರಂತೆ ೬೪ ಹೆಸರುಗಳನ್ನು ಕೊಟ್ಟವು. ಅವು ತೀರುತ್ತ ಬಂದಾಗ ೨೦೨೦ರಲ್ಲಿ ೧೩ ರಾಷ್ಟ್ರಗಳು ತಲಾ ೧೩ರಂತೆ ೧೬೯ ಹೆಸರುಗಳ ಹೊಸ ಪಟ್ಟಿಯನ್ನು ಮಾಡಿದವು. ಆ ಹೊಸ ಪಟ್ಟಿಯ ಮೊದಲನೆಯ ಹೆಸರೇ 'ನಿಸರ್ಗ'. ದಿಲ್ಲಿಯಲ್ಲಿರುವ ಭಾರತದ ಹವಾಮಾನ ಇಲಾಖೆಯು ೧೯೮೮ರಿಂದ ಈ ಸಮಗ್ರ ಪ್ರದೇಶದ ಚಂಡಮಾರುತ ಕೇಂದ್ರವಾಗಿ ಕೆಲಸ ಮಾಡುತ್ತ, ಕಡಲಿನ ಮೇಲೆ ವಾಯುಭಾರವು ಕುಸಿದು ಸುಳಿಯು ಬಲಗೊಳ್ಳತೊಡಗಿದೊಡನೆ ನೆರೆಯ ರಾಷ್ಟ್ರಗಳಿಗೆಲ್ಲ ಸೂಚನೆಗಳನ್ನು ಕಳುಹಿಸುತ್ತದೆ. ಈ ರಾಷ್ಟ್ರಗಳಲ್ಲಿ ಕೆಲವು ಒಂದರೊಡನೊಂದು ಯುದ್ಧ ಮಾಡಿದಂಥವು. ಇನ್ನು ಕೆಲವು ಒಂದರ ಮುಖವನ್ನೊಂದು ನೋಡಲೊಲ್ಲದಂಥವು. ಹಾಗಿದ್ದರೂ ಗಾಳಿಯ ಸುದ್ದಿಯನ್ನು ಮಾತ್ರ ಯಾರೂ ಯಾರಿಂದಲೂ ಮುಚ್ಚಿಡುವುದಿಲ್ಲ. ಗಡಿಯನ್ನು ಲೆಕ್ಕಿಸದ ವೈರಿಯನ್ನು ಎದುರಿಸಲು ಗಡಿಯನ್ನು ಮೀರಿದ ಸ್ನೇಹವು ಬೇಕೆಂಬ ತಿಳಿವು ಇಷ್ಟರ ಮಟ್ಟಿಗೆ ಬಂದಿದೆ.

ಆದರೆ ಇಷ್ಟರಿಂದಲೇ ಜೀವಗಳು ಉಳಿಯುತ್ತವೆಯೆ? ಇಲ್ಲವೆಂದು ಕಳೆದ ಐವತ್ತು ವರ್ಷಗಳ ಇತಿಹಾಸವು ಸಾರಿ ಹೇಳುತ್ತಿದೆ. ರಾಷ್ಟ್ರಗಳು ಕೂಡಿ ಮುನ್ಸೂಚನೆಯನ್ನು ಸಿದ್ಧಪಡಿಸಬಲ್ಲವು. ಆದರೆ ಅದನ್ನು ಮನುಷ್ಯನ ಕಿವಿಗೆ ಹಾಕಿ, ಅವನಿಗೆ ನಂಬಿಕೆ ಬರುವಂತೆ ತಿಳಿಸಿ, ಕೈಹಿಡಿದು ಎತ್ತರದ ಸ್ಥಳಕ್ಕೆ ಕರೆದೊಯ್ಯಬೇಕಾದವನು ಅವನ ನೆರೆಯವನೇ. ಹುಟ್ಟಿದ ಊರನ್ನು ಬಿಟ್ಟು ಪರಭಾಷೆಯ ನಗರಗಳಲ್ಲಿ ದುಡಿಯುತ್ತಿರುವ ನಮಗೆ ಆ ನೆರೆಯವನು ಯಾರು ಎಂಬ ಪ್ರಶ್ನೆಯನ್ನು ವಾಚಕರ ಮುಂದಿಡುವುದಕ್ಕಾಗಿಯೇ ನಾವು ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಕೊಲ್ಲಿಯ ಸ್ವಭಾವ

ಜಗತ್ತಿನ ಸಮುದ್ರಗಳಲ್ಲಿ ಹುಟ್ಟುವ ಚಂಡಮಾರುತಗಳಲ್ಲಿ ಬಂಗಾಳ ಕೊಲ್ಲಿಯ ಪಾಲು ತೀರ ಸಣ್ಣದು. ಆದರೆ ಚಂಡಮಾರುತದಿಂದಾದ ಅತಿ ದೊಡ್ಡ ಪ್ರಾಣಹಾನಿಗಳಲ್ಲಿ ಹೆಚ್ಚಿನವು ಅದರ ದಡದಲ್ಲಿಯೇ ಆದಂಥವು. ಇದಕ್ಕೆ ಕಾರಣವು ಕೊಲ್ಲಿಯ ಆಕಾರದಲ್ಲಿದೆ. ದಕ್ಷಿಣದಲ್ಲಿ ವಿಶಾಲವಾಗಿರುವ ಈ ಕಡಲು ಉತ್ತರಕ್ಕೆ ಹೋದಂತೆ ಲಾಳಿಕೆಯ ಹಾಗೆ ಕಿರಿದಾಗುತ್ತದೆ, ಆಳವೂ ಕಡಿಮೆಯಾಗುತ್ತದೆ. ಗಾಳಿಯು ತಳ್ಳಿಕೊಂಡು ಬಂದ ನೀರಿಗೆ ಹರಡಿಕೊಳ್ಳಲು ಎಡೆಯಿಲ್ಲದೆ ಅದು ಮೇಲಕ್ಕೇ ಏಳಬೇಕಾಗುತ್ತದೆ. ಎದುರಿಗೆ ಗಂಗೆ, ಬ್ರಹ್ಮಪುತ್ರೆಗಳು ತಂದು ಹಾಕಿದ ಮಟ್ಟಸವಾದ ಮಣ್ಣಿನ ನೆಲ. ಅದರ ಮೇಲೆ ಕಿಕ್ಕಿರಿದ ಜನ. ಚಂಡಮಾರುತದಲ್ಲಿ ಗಾಳಿಗಿಂತ ಹೆಚ್ಚು ಜನರನ್ನು ಕೊಲ್ಲುವುದು ಹೀಗೆ ಉಕ್ಕಿ ಬರುವ ನೀರು.

೧೯೭೦ರ ನವಂಬರ ೧೨ರ ರಾತ್ರಿ ಆಗಿನ ಪೂರ್ವ ಪಾಕಿಸ್ತಾನದ ಭೋಲಾ ದ್ವೀಪದ ಸುತ್ತಮುತ್ತ ನಡೆದುದು ಇದೇ. ಸತ್ತವರ ಲೆಕ್ಕವನ್ನು ಯಾರೂ ನಿಖರವಾಗಿ ಹಿಡಿಯಲಾಗಲಿಲ್ಲ. ೩ ಲಕ್ಷದಿಂದ ೫ ಲಕ್ಷದವರೆಗೆ ಇರಬಹುದೆಂದು ಅಂದಾಜು. ಚಂಡಮಾರುತವೊಂದು ಮನುಕುಲಕ್ಕೆ ಮಾಡಿದ ಇಷ್ಟು ದೊಡ್ಡ ಹಾನಿಯು ಇತಿಹಾಸದಲ್ಲಿ ಮತ್ತೊಂದಿಲ್ಲ. ಗಾಳಿಯು ಬರುತ್ತಿದೆಯೆಂಬುದು ಆಗಲೂ ಬಲ್ಲವರಿಗೆ ತಿಳಿಯದೆ ಇರಲಿಲ್ಲ; ಆದರೆ ದ್ವೀಪದ ಗುಡಿಸಲಿನಲ್ಲಿ ಮಲಗಿದ್ದ ರೈತನಿಗೂ ಮೀನುಗಾರನಿಗೂ ಅದು ತಿಳಿಯಬೇಕಾದ ರೀತಿಯಲ್ಲಿ ತಿಳಿಯಲಿಲ್ಲ. ಮೇಲೆ ಹೇಳಿದ ರಾಷ್ಟ್ರಗಳ ಮಂಡಲಿಯು ಹುಟ್ಟಿಕೊಂಡುದು ಈ ದುರಂತದ ಬೆನ್ನಿಗೆ.

ಸುದ್ದಿ ನಿಂತುಹೋದ ಕಡೆ

ಮಂಡಲಿಯ ಕೆಲಸವು ಸಾಗಿ ಬಂದು ಮೂವತ್ತಾರು ವರ್ಷಗಳಾದ ಮೇಲೆ, ೨೦೦೮ರ ಮೇ ೨ರಂದು, 'ನರ್ಗಿಸ್' ಎಂಬ ಚಂಡಮಾರುತವು ಮ್ಯಾನ್ಮಾರದ ಇರಾವತಿ ನದಿಯ ಮುಖಜಭೂಮಿಯನ್ನು ಹೊಕ್ಕಿತು. ಗಾಳಿಯು ದಡ ಸೇರುವ ಎರಡು ದಿನ ಮೊದಲೇ ದಿಲ್ಲಿಯ ಕೇಂದ್ರವು ಆ ದೇಶದ ಅಧಿಕಾರಿಗಳಿಗೆ ಸ್ಪಷ್ಟವಾಗಿ ತಿಳಿಸಿತ್ತು. ಒಂದು ರಾಷ್ಟ್ರವು ಇನ್ನೊಂದು ರಾಷ್ಟ್ರಕ್ಕೆ ಮಾಡಬೇಕಾದ ಉಪಕಾರವು ಅಲ್ಲಿಗೆ ಪೂರ್ಣವಾಗಿ ಸಂದಿತ್ತು. ಆದರೆ ಸುದ್ದಿಯು ರಾಜಧಾನಿಯಿಂದ ಹಳ್ಳಿಯ ಹಾದಿಯನ್ನು ಹಿಡಿಯಲಿಲ್ಲ. ಮುಖಜಭೂಮಿಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಹೇಳುವ ಸಂಘಟನೆಯಿರಲಿಲ್ಲ. ಹೇಳಿದ್ದರೂ ಓಡಿಹೋಗಿ ಏರಿ ನಿಲ್ಲುವ ಗಟ್ಟಿಯಾದ ಆಶ್ರಯ ಮನೆಗಳು ಬಹುಮಟ್ಟಿಗೆ ಇರಲಿಲ್ಲ. ಸತ್ತವರೂ ಕಾಣೆಯಾದವರೂ ಕೂಡಿ ಸುಮಾರು ೧ ಲಕ್ಷ ೩೮ ಸಾವಿರ ಜನ. ಎಚ್ಚರಿಕೆಯು ಕಾಗದದ ಮೇಲೆ ಉಳಿದು, ಮನುಷ್ಯರು ನೀರಿನ ಪಾಲಾದರು.

ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ನಿದರ್ಶನವನ್ನು ನೋಡಿರಿ. ೨೦೦೪ರ ದಶಂಬರ ೨೬ರಂದು ಸುಮಾತ್ರಾ ದ್ವೀಪದ ಬಳಿ ಸಮುದ್ರದ ತಳದಲ್ಲಿ ಭೂಕಂಪವಾಗಿ ಎದ್ದ ಸುನಾಮಿಯ ಅಲೆಗಳು ೧೪ ದೇಶಗಳಲ್ಲಿ ೨ ಲಕ್ಷಕ್ಕೂ ಮಿಕ್ಕಿ ಜನರನ್ನು ಬಲಿ ತೆಗೆದುಕೊಂಡವು. ಭಾರತವೊಂದರಲ್ಲಿಯೇ ೧೦ ಸಾವಿರಕ್ಕೂ ಹೆಚ್ಚು ಜನ ಸತ್ತರು. ಭೂಮಿ ನಡುಗಿದ ಮೇಲೆ ಅಲೆಯು ನಮ್ಮ ಚೆನ್ನೈ, ನಾಗಪಟ್ಟಣಗಳ ದಡವನ್ನು ಮುಟ್ಟಲು ಎರಡು ಗಂಟೆಗೂ ಹೆಚ್ಚು ಕಾಲ ಹಿಡಿಯಿತು. ಎರಡು ಗಂಟೆಗಳಲ್ಲಿ ಊರಿಗೆ ಊರೇ ಎದ್ದು ನಡೆದುಹೋಗಬಹುದಾಗಿತ್ತು. ಆದರೆ ಹೇಳುವವರು ಯಾರೂ ಇರಲಿಲ್ಲ. ಭೂಕಂಪದ ಕೇಂದ್ರಕ್ಕೆ ಅತಿ ಸಮೀಪದಲ್ಲಿದ್ದ ಸಿಮೆಲೂ ಎಂಬ ದ್ವೀಪದಲ್ಲಾದರೋ ಸುಮಾರು ೭೮ ಸಾವಿರ ಜನರ ಪೈಕಿ ಸತ್ತವರು ಕೇವಲ ೭ ಮಂದಿ. ಅಲ್ಲಿ ಯಂತ್ರವೂ ಇರಲಿಲ್ಲ, ತಂತಿಯೂ ಇರಲಿಲ್ಲ. ೧೯೦೭ರಲ್ಲಿ ಇಂಥದೇ ಅಲೆಯಿಂದ ತಮ್ಮ ಹಿರಿಯರು ಸತ್ತುದನ್ನು ಅಜ್ಜಿಯರು ಮೊಮ್ಮಕ್ಕಳಿಗೆ ಹಾಡಿ ಹೇಳುತ್ತ ಬಂದಿದ್ದರು. ನೆಲ ನಡುಗಿ ಕಡಲು ಹಿಂದೆ ಸರಿದರೆ 'ಸ್ಮೋಂಗ್' ಎಂದು ಕೂಗುತ್ತ ಗುಡ್ಡಕ್ಕೆ ಓಡಬೇಕೆಂದು ಕಲಿಸಿದ್ದರು. ಮಕ್ಕಳು ಹಾಗೆಯೇ ಓಡಿ ಬದುಕಿದರು.

ಈ ಎರಡು ಘಟನೆಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಸತ್ಯವು ತಾನಾಗಿಯೇ ಗೋಚರವಾಗುತ್ತದೆ. ಒಂದು ಕಡೆ ವಿಜ್ಞಾನವಿತ್ತು, ಜನರ ಸಿದ್ಧತೆಯಿರಲಿಲ್ಲ. ಇನ್ನೊಂದು ಕಡೆ ಜನರ ಸಿದ್ಧತೆಯೊಂದೇ ಸಾಕಾಯಿತು. ಹಾಗೆಂದು ವಿಜ್ಞಾನವು ಬೇಡವೆಂದು ನಾವು ಹೇಳುತ್ತಿಲ್ಲ. ಸುನಾಮಿಯ ಮರುವರ್ಷವೇ ಹಿಂದೂ ಮಹಾಸಾಗರದ ರಾಷ್ಟ್ರಗಳು ಯುನೆಸ್ಕೋ ಸಂಸ್ಥೆಯ ಆಶ್ರಯದಲ್ಲಿ ಒಂದುಗೂಡಿ ಎಚ್ಚರಿಕೆಯ ವ್ಯವಸ್ಥೆಯನ್ನು ಆರಂಭಿಸಿದವು. ಭಾರತದ ಸುನಾಮಿ ಕೇಂದ್ರವು ೨೦೦೭ರ ಅಕ್ಟೋಬರದಿಂದ ಹೈದರಾಬಾದಿನಲ್ಲಿ ಹಗಲಿರುಳೂ ಕೆಲಸ ಮಾಡುತ್ತಿದೆ. ಭಾರತ, ಇಂಡೋನೇಶಿಯಾ, ಆಸ್ಟ್ರೇಲಿಯಾ ಈ ಮೂರು ದೇಶಗಳ ಕೇಂದ್ರಗಳು ಇಡೀ ಸಾಗರದ ದಡಗಳಿಗೆ ಸೂಚನೆ ಕೊಡುವ ಹೊಣೆಯನ್ನು ಹಂಚಿಕೊಂಡಿವೆ. ಹೈದರಾಬಾದಿನಲ್ಲಿ ನೆಲೆಸಿರುವ ನಮ್ಮ ಬಂಧುಗಳು ತಮ್ಮ ನಗರದಿಂದ ಆಫ್ರಿಕಾದ ದಡದವರೆಗೆ ಎಚ್ಚರಿಕೆಯು ಹೋಗುತ್ತದೆಂಬುದಕ್ಕೆ ಹೆಮ್ಮೆಪಡಬಹುದು. ಆದರೆ ಅದು ಹೋಗಿ ಮುಟ್ಟಿದ ಮೇಲಿನ ಕೆಲಸವು ಆಯಾ ಊರಿನ ಜನರದು.

ಧ್ವಜ, ಕಹಳೆ, ಕಾಲ್ನಡಿಗೆ

ಆ ಕೆಲಸವನ್ನು ಹೇಗೆ ಮಾಡಬೇಕೆಂಬುದನ್ನು ಲೋಕಕ್ಕೆ ತೋರಿಸಿಕೊಟ್ಟದ್ದು ಶ್ರೀಮಂತ ರಾಷ್ಟ್ರವಲ್ಲ, ಬಡ ಬಾಂಗ್ಲಾದೇಶ. ೧೯೭೨ರಲ್ಲಿ ಅಲ್ಲಿನ ರೆಡ್ ಕ್ರಾಸ್ ಸಂಸ್ಥೆಯ ಮುಖಾಂತರ ಚಂಡಮಾರುತ ಸಿದ್ಧತೆಯ ಕಾರ್ಯಕ್ರಮವೊಂದು ಆರಂಭವಾಯಿತು. ಮರುವರ್ಷ ಸರಕಾರವೂ ಅದರಲ್ಲಿ ಪಾಲುಗೊಂಡಿತು. ಕರಾವಳಿಯ ಪ್ರತಿಯೊಂದು ಪ್ರದೇಶದಲ್ಲಿಯೂ ಆಯಾ ಹಳ್ಳಿಯವರನ್ನೇ ಸ್ವಯಂಸೇವಕರನ್ನಾಗಿ ಆರಿಸಿದರು. ಒಬ್ಬರಿಗೆ ಸಂಬಳವಿಲ್ಲ. ಎಚ್ಚರಿಕೆ ಸಾರುವವರು, ಆಶ್ರಯ ಮನೆಯನ್ನು ನೋಡಿಕೊಳ್ಳುವವರು, ನೀರಿನಿಂದ ಎತ್ತುವವರು, ಪ್ರಥಮ ಚಿಕಿತ್ಸೆ ಮಾಡುವವರು, ಪರಿಹಾರ ಹಂಚುವವರು ಎಂದು ಕೆಲಸವನ್ನು ಪಾಲು ಮಾಡಿದರು. ಅಪಾಯ ಹೆಚ್ಚಿದಂತೆ ಒಂದು, ಎರಡು, ಮೂರು ಧ್ವಜಗಳನ್ನು ಏರಿಸುವುದು, ಕೈಯಿಂದ ತಿರುಗಿಸುವ ಸೈರನ್ನು ಊದಿಸುವುದು, ಕಹಳೆಯಂಥ ಧ್ವನಿವರ್ಧಕವನ್ನು ಬಾಯಿಗೆ ಹಿಡಿದು ಸೈಕಲ್ಲಿನ ಮೇಲೋ ಕಾಲ್ನಡಿಗೆಯಲ್ಲೋ ಓಣಿ ಓಣಿಯಲ್ಲಿ ಸಾರುವುದು, ಇಷ್ಟೇ ಅವರ ಉಪಕರಣ. ಓದು ಬಾರದವನಿಗೂ ಮೂರು ಧ್ವಜದ ಅರ್ಥವು ಗೊತ್ತು.

ಹೀಗಿದ್ದೂ ೧೯೯೧ರ ಎಪ್ರಿಲ್ ೨೯ರ ರಾತ್ರಿ ಚಟ್ಟಗ್ರಾಮದ ಕರಾವಳಿಯಲ್ಲಿ ಸುಮಾರು ೧ ಲಕ್ಷ ೪೦ ಸಾವಿರ ಜನ ಸತ್ತರು. ಆಶ್ರಯ ಮನೆಗಳು ಸಾಲದೆ ಹೋಗಿದ್ದವು. ಅಪಾಯದ ಅಂಕೆಗಳು ಬಂದರಿನ ಹಡಗುಗಳಿಗೆಂದು ಮಾಡಿದವುಗಳಾಗಿದ್ದು, ಗೃಹಸ್ಥನು ಏನು ಮಾಡಬೇಕೆಂಬುದನ್ನು ಸ್ಪಷ್ಟವಾಗಿ ಹೇಳುತ್ತಿರಲಿಲ್ಲ. ಸತ್ತವರಲ್ಲಿ ಹೆಂಗಸರೂ ಮಕ್ಕಳೂ ಬಹಳ ಹೆಚ್ಚು; ಗಂಡಸರಿಲ್ಲದ ವೇಳೆ ಮನೆ ಬಿಟ್ಟು ಪರಪುರುಷರ ಗುಂಪಿನಲ್ಲಿ ಹೋಗಿ ನಿಲ್ಲಲು ಅವರು ಹಿಂಜರಿದರು. ಸಾಲ ಮಾಡಿ ತಂದ ದನವನ್ನು ಬಿಟ್ಟು ಹೋಗಲು ಅನೇಕರಿಗೆ ಮನಸ್ಸು ಬರಲಿಲ್ಲ. ಬಾಂಗ್ಲಾದೇಶೀಯರು ಈ ಸೋಲನ್ನು ಮುಚ್ಚಿಡದೆ, ಒಂದೊಂದು ಕಾರಣವನ್ನೂ ಹಿಡಿದು ಒಂದೊಂದು ಪರಿಹಾರವನ್ನು ಹುಡುಕಿದರು. ಆಶ್ರಯ ಮನೆಗಳನ್ನು ಸಾವಿರಗಟ್ಟಲೆಗೆ ಏರಿಸಿ, ಉಳಿದ ದಿನಗಳಲ್ಲಿ ಅವು ಶಾಲೆಗಳಾಗುವಂತೆ ಮಾಡಿದರು. ದನಕರುಗಳಿಗೆಂದು 'ಕಿಲ್ಲಾ' ಎಂಬ ಎತ್ತರದ ಮಣ್ಣಿನ ದಿಬ್ಬಗಳನ್ನು ಕಟ್ಟಿದರು. ಹೆಂಗಸರಿಗೆ ಹೇಳಲು ಹೆಂಗಸರೇ ಬೇಕೆಂದು ಕಂಡುಕೊಂಡು ಸ್ತ್ರೀಯರನ್ನು ಸ್ವಯಂಸೇವಕರ ದಳಕ್ಕೆ ಸೇರಿಸಿದರು. ಇಂದು ಆ ದಳದಲ್ಲಿ ೭೬ ಸಾವಿರ ಜನರಿದ್ದು, ಅವರಲ್ಲಿ ಅರ್ಧದಷ್ಟು ಸ್ತ್ರೀಯರು.

ಫಲವು ಅಂಕೆಗಳಲ್ಲಿ ಕಾಣುತ್ತದೆ. ೨೦೦೭ರ ನವಂಬರದ 'ಸಿಡ್ರ್' ಚಂಡಮಾರುತವು ಬಲದಲ್ಲಿ ಹಳೆಯವುಗಳಿಗೆ ಕಡಿಮೆಯದಲ್ಲದಿದ್ದರೂ ಸತ್ತವರು ಸುಮಾರು ಮೂರೂವರೆ ಸಾವಿರ. ೨೦೨೦ರ ಮೇ ತಿಂಗಳಲ್ಲಿ 'ಅಂಫಾನ್' ಬಂದಾಗ, ಕೊರೋನಾ ರೋಗದ ಭಯದ ನಡುವೆಯೂ, ಬಾಂಗ್ಲಾದೇಶವು ೨೦ ಲಕ್ಷಕ್ಕೂ ಮಿಕ್ಕಿ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಿತು. ಅಲ್ಲಿ ಸತ್ತವರ ಸಂಖ್ಯೆಯು ಕೆಲವು ಹತ್ತುಗಳನ್ನು ಮೀರಲಿಲ್ಲ. ಲಕ್ಷದಿಂದ ಸಾವಿರಕ್ಕೆ, ಸಾವಿರದಿಂದ ಹತ್ತಕ್ಕೆ ಸಾವನ್ನು ಇಳಿಸಿದ ಈ ಕಾರ್ಯವು ಯಾವ ದೊಡ್ಡ ಯುದ್ಧವನ್ನು ಗೆದ್ದುದಕ್ಕೂ ಕಡಿಮೆಯಾದುದಲ್ಲವೆಂದು ನಮ್ಮ ಅಭಿಪ್ರಾಯ.

ನಮ್ಮ ದೇಶದೊಳಗೇ ಒಡಿಶಾ ರಾಜ್ಯವು ಇದೇ ದಾರಿಯನ್ನು ಹಿಡಿದಿದೆ. ೧೯೯೯ರ ಅಕ್ಟೋಬರ ೨೯ರಂದು ಪಾರಾದೀಪದ ಬಳಿ ದಡ ಸೇರಿದ ಮಹಾ ಚಂಡಮಾರುತದಲ್ಲಿ ಸರಕಾರದ ಲೆಕ್ಕದಂತೆಯೇ ಸುಮಾರು ೧೦ ಸಾವಿರ ಜನ ಸತ್ತರು. ಜಗತ್‌ಸಿಂಗಪುರ ಜಿಲ್ಲೆಯ ಎರಸಮಾ ಪ್ರದೇಶವಂತೂ ಸ್ಮಶಾನವಾಯಿತು. ಅದೇ ವರ್ಷ ಆ ರಾಜ್ಯವು ವಿಪತ್ತು ನಿರ್ವಹಣೆಗೆಂದೇ ಪ್ರತ್ಯೇಕವಾದ ಪ್ರಾಧಿಕಾರವನ್ನು ಸ್ಥಾಪಿಸಿತು. ಆ ಬಳಿಕ ಕರಾವಳಿಯುದ್ದಕ್ಕೂ ೮೦೦ಕ್ಕಿಂತ ಹೆಚ್ಚು ಆಶ್ರಯ ಮನೆಗಳು ಎದ್ದವು. ಅವುಗಳನ್ನು ನೋಡಿಕೊಳ್ಳಲು ಹಳ್ಳಿಯವರದೇ ಸಮಿತಿಗಳಾದವು. ೨೦೧೩ರ 'ಫೈಲಿನ್' ಬಂದಾಗ ಸುಮಾರು ೧೦ ಲಕ್ಷ ಜನರನ್ನು ತೆರವು ಮಾಡಿಸಿದರು. ಸತ್ತವರು ೫೦ಕ್ಕಿಂತ ಕಡಿಮೆ. ೨೦೧೯ರ ಮೇ ೩ರಂದು ಪುರಿಯ ಬಳಿ 'ಫಾನಿ' ಅಪ್ಪಳಿಸುವುದಕ್ಕೆ ಮೊದಲು ೧೨ ಲಕ್ಷ ಜನರು ಮನೆ ಬಿಟ್ಟು ಸುರಕ್ಷಿತ ಸ್ಥಳಗಳನ್ನು ಸೇರಿದ್ದರು. ೬೪ ಜನರು ಸತ್ತರು. ೨೦೨೦ರಲ್ಲಿ ಆ ರಾಜ್ಯದ ವೆಂಕಟರಾಯಪುರ, ನೋಲಿಯಾಸಾಹಿ ಎಂಬ ಎರಡು ಹಳ್ಳಿಗಳು ಸುನಾಮಿಗೆ ಸಿದ್ಧವಾಗಿರುವ ಹಳ್ಳಿಗಳೆಂದು ಯುನೆಸ್ಕೋದಿಂದ ಮನ್ನಣೆ ಪಡೆದವು. ಮೀನುಗಾರರ ಹಳ್ಳಿಗಳಿಗೆ ದೊರೆತ ಈ ಗೌರವವು ಪದವಿಪತ್ರಗಳಿಗಿಂತ ಮಿಗಿಲಾದುದು.

ಕಲ್ಲಿನ ಕಟ್ಟೆಯೂ ಜನರ ಕಟ್ಟೂ

ಇವೆಲ್ಲ ಹಳ್ಳಿಗಳ ಮಾತಾಯಿತು. ನಗರಗಳಲ್ಲಿರುವ ನಮಗೆ ಇದರಿಂದೇನು ಎಂದು ಕೇಳುವವರಿರಬಹುದು. ಅವರು ತಮ್ಮ ನಗರಗಳ ಚರಿತ್ರೆಯನ್ನೇ ನೋಡಿಕೊಳ್ಳಲಿ. ೧೯೦೮ರ ಸಪ್ಟಂಬರ ೨೮ರಂದು ಹೈದರಾಬಾದಿನಲ್ಲಿ ಮೂಸಿ ನದಿಯು ಉಕ್ಕಿ ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋಯಿತು. ನಿಜಾಮರ ಸರಕಾರವು ಪರಿಹಾರಕ್ಕಾಗಿ ಕರೆಸಿಕೊಂಡದ್ದು ಕನ್ನಡ ನಾಡಿನ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ನದಿಯನ್ನು ನಗರದಲ್ಲಿ ತಡೆಯುವುದಲ್ಲ, ಮೇಲುಗಡೆಯಲ್ಲಿಯೇ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ಹಿಡಿದಿಡಬೇಕೆಂದು ಅವರು ಸೂಚಿಸಿದರು. ಅದರಂತೆ ೧೯೨೦ರಲ್ಲಿ ಉಸ್ಮಾನ್ ಸಾಗರ, ೧೯೨೭ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಪ್ರಾಂತಗಳ ನಡುವಣ ಸಹಕಾರಕ್ಕೆ ಇದಕ್ಕಿಂತ ಉಜ್ವಲವಾದ ಉದಾಹರಣೆಯು ಬೇಕಿಲ್ಲ. ಆದರೂ ೨೦೨೦ರ ಅಕ್ಟೋಬರದ ಮಳೆಗೆ ಆ ನಗರದ ಎಷ್ಟೋ ಬಡಾವಣೆಗಳು ಮುಳುಗಿದವು. ಕೆರೆಗಳ ಅಂಗಳದಲ್ಲಿಯೂ ಹಳ್ಳಗಳ ದಾರಿಯಲ್ಲಿಯೂ ಮನೆಗಳೆದ್ದಿದ್ದವು. ಮಹಾಪುರುಷರು ಕಲ್ಲಿನ ಕಟ್ಟೆಯನ್ನು ಕಟ್ಟಿಕೊಡಬಲ್ಲರು; ಅದರ ಕೆಳಗೆ ಬಾಳುವ ಜನರು ಎಚ್ಚರ ತಪ್ಪಿದರೆ ಆ ಕಟ್ಟೆಯೊಂದೇ ಎಷ್ಟು ಕಾಲ ಕಾಪಾಡೀತು?

ಮುಂಬಯಿಯ ೨೦೦೫ರ ಜುಲಾಯಿ ೨೬ನ್ನು ನಮ್ಮ ಹಿರಿಯ ವಾಚಕರು ಮರೆತಿರಲಾರರು. ಸಾಂತಾಕ್ರೂಜದಲ್ಲಿ ಒಂದು ದಿನದ ಅವಧಿಯಲ್ಲಿ ೯೪೪ ಮಿಲ್ಲಿಮೀಟರು ಮಳೆ ಬಿದ್ದಾಗ ಕುಲಾಬಾದಲ್ಲಿ ಬಿದ್ದದ್ದು ಬರೇ ೭೩. ಕೋಟೆಯ ಭಾಗದ ಕಚೇರಿಗಳಲ್ಲಿದ್ದ ಗುಮಾಸ್ತರಿಗೆ ತಮ್ಮ ಮನೆಗಳು ಮುಳುಗುತ್ತಿವೆಯೆಂಬುದು ಗೊತ್ತಿರಲಿಲ್ಲ. ಎಂದಿನಂತೆ ಹೊರಟು ದಾರಿಯಲ್ಲಿ ಸಿಕ್ಕಿಬಿದ್ದರು. ಲೋಕಲ್ ಗಾಡಿಗಳು ನಿಂತವು, ದೂರವಾಣಿಗಳು ಮೂಕವಾದವು. ಗುಡ್ಡ ಕುಸಿದು ಕೆಲವರು, ಮುಚ್ಚಿದ ಮೋಟಾರಿನೊಳಗೆ ಉಸಿರುಗಟ್ಟಿ ಕೆಲವರು, ಪ್ರವಾಹದಲ್ಲಿ ಕೆಲವರು, ಹೀಗೆ ನೂರಾರು ಜನ ಸತ್ತರು. ಆ ರಾತ್ರಿ ಅಪರಿಚಿತರಿಗೆ ಬಾಗಿಲು ತೆರೆದು, ಚಹಾ, ಬಿಸ್ಕೀಟು, ಅನ್ನ ಕೊಟ್ಟು ಕಾಪಾಡಿದವರು ನೆರೆಹೊರೆಯ ಜನಸಾಮಾನ್ಯರು. ಆ ಸದ್ಗುಣವು ನಮ್ಮ ನಗರಗಳಲ್ಲಿ ಇಲ್ಲದಿಲ್ಲ. ಇಲ್ಲದಿರುವುದು ಮುಂಚಿನ ಸಿದ್ಧತೆ.

ನಮ್ಮವರ ಸ್ಥಿತಿ

ಹೊರನಾಡಿನ ಕನ್ನಡಿಗನ ಸ್ಥಿತಿಯಲ್ಲಿ ಕೆಲವು ವಿಶೇಷ ಅಪಾಯಗಳಿವೆ. ಒಂದನೆಯದು, ಭಾಷೆ. ನಗರಪಾಲಿಕೆಯ ವಾಹನವು ಮರಾಠಿಯಲ್ಲಿಯೋ ತಮಿಳಿನಲ್ಲಿಯೋ ತೆಲುಗಿನಲ್ಲಿಯೋ ಸಾರಿಕೊಂಡು ಹೋಗುತ್ತದೆ. ಹತ್ತು ವರ್ಷ ನೆಲೆಸಿದವನಿಗೆ ಅದು ತಿಳಿದೀತು. ಕಳೆದ ತಿಂಗಳು ಕುಂದಾಪುರದಿಂದಲೋ ಬಿಜಾಪುರದ ಕಡೆಯಿಂದಲೋ ಬಂದು ತಟ್ಟೆ ತೊಳೆಯುತ್ತಿರುವ ಹುಡುಗನಿಗೆ ತಿಳಿಯದು. ಎರಡನೆಯದು, ವಸತಿ. ರಾತ್ರಿ ಬಾಗಿಲು ಹಾಕಿದ ಮೇಲೆ ಹೋಟೆಲಿನ ಒಳಗೇ, ಮೇಜುಗಳ ನಡುವೆಯೋ ಅಡುಗೆಮನೆಯ ಮಗ್ಗುಲಲ್ಲಿಯೋ ಮಲಗುವ ನೌಕರರು ಇಂದಿಗೂ ಇದ್ದಾರೆ. ನೀರು ಮೊದಲು ನುಗ್ಗುವುದು ನೆಲದ ಮಟ್ಟಿನ ಆ ಸ್ಥಳಕ್ಕೇ. ಅಲ್ಲಿಯೇ ಗ್ಯಾಸ್ ಸಿಲಿಂಡರುಗಳು, ಅಲ್ಲಿಯೇ ವಿದ್ಯುತ್ತಿನ ತಂತಿಗಳು. ಹೊರಗಿನಿಂದ ಬೀಗ ಹಾಕಿದ್ದರಂತೂ ಕೇಳುವುದೇ ಬೇಡ. ಮೂರನೆಯದು, ಹೆಸರು. ಮತದಾರರ ಪಟ್ಟಿಯಲ್ಲಿ ಅವನಿಲ್ಲ, ಓಣಿಯ ಲೆಕ್ಕದಲ್ಲಿ ಅವನಿಲ್ಲ. ಕಾಣೆಯಾದರೆ ಹುಡುಕಬೇಕಾದವನು ಯಾರೆಂಬುದೇ ಸ್ಪಷ್ಟವಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಗಂಭೀರವಾದುದು. ಅದು ಕೂಲಿಯ ಪ್ರಶ್ನೆ. ಎಚ್ಚರಿಕೆಯನ್ನು ಕೇಳಿದವನಿಗೆ ಕೆಲಸ ಬಿಟ್ಟು ಹೊರಡುವ ಸ್ವಾತಂತ್ರ್ಯವು ಇರಬೇಕಷ್ಟೆ? ೨೦೨೧ರ 'ತೌಕ್ತೆ'ಯ ವಿಷಯದಲ್ಲಿ ಹವಾಮಾನ ಇಲಾಖೆಯ ಎಚ್ಚರಿಕೆಯು ದಿನಗಳ ಮೊದಲೇ ಬಂದಿತ್ತು. ಆದರೆ ಮುಂಬಯಿಯ ಆಚೆ ಕಡಲಿನಲ್ಲಿ ತೈಲದ ಕೆಲಸಗಾರರು ವಾಸವಾಗಿದ್ದ ಒಂದು ಬಾರ್ಜು ದಡಕ್ಕೆ ಮರಳದೆ ಅಲ್ಲಿಯೇ ಉಳಿಯಿತು. ಲಂಗರು ಕಿತ್ತು ಮುಳುಗಿತು. ೭೦ಕ್ಕೂ ಹೆಚ್ಚು ಜನರು ಸತ್ತರು. ನೌಕಾಪಡೆಯವರು ಉಳಿದವರನ್ನು ಪ್ರಾಣದ ಹಂಗು ತೊರೆದು ಎತ್ತಿದರು. ಸತ್ತವರಿಗೆ ಸುದ್ದಿ ಮುಟ್ಟದೆ ಇದ್ದಿತೆಂದು ಹೇಳುವಂತಿಲ್ಲ. ಹೊರಡುವ ನಿರ್ಧಾರವು ಅವರ ಕೈಯಲ್ಲಿರಲಿಲ್ಲ.

ಬಾಂಗ್ಲಾದೇಶದ ರೈತನು ದನವನ್ನು ಬಿಟ್ಟು ಬರಲೊಲ್ಲದಿದ್ದಾಗ ಅವನನ್ನು ಮೂರ್ಖನೆಂದು ಜರೆಯದೆ ದನಕ್ಕೊಂದು ದಿಬ್ಬವನ್ನು ಕಟ್ಟಿದರೆಂದು ಮೇಲೆ ಹೇಳಿದೆವು. ನಮ್ಮ ನೌಕರನಿಗೆ ಆ ದನವೆಂದರೆ ಅವನ ದಿನದ ಸಂಬಳ. ಕೆಂಪು ಎಚ್ಚರಿಕೆಯ ದಿನ ಬಾಗಿಲು ಮುಚ್ಚಿದರೂ ಸಂಬಳವು ಕಡಿತವಾಗುವುದಿಲ್ಲವೆಂದು ಯಜಮಾನರು ಮುಂಚಿತವಾಗಿ ಮಾತು ಕೊಟ್ಟರೆ ಅದೇ ಅವನ ಪಾಲಿನ ದಿಬ್ಬ. ಹೋಟೆಲು ಮಾಲಿಕರಲ್ಲಿ ಅನೇಕರು ತಾವೂ ಒಂದು ಕಾಲಕ್ಕೆ ಮಾಣಿಗಳಾಗಿ ದುಡಿದು ಮೇಲೆ ಬಂದವರು. ವರ್ಷಕ್ಕೆ ಎರಡೋ ಮೂರೋ ದಿನಗಳ ಈ ವೆಚ್ಚವು ಅವರಿಗೆ ಭಾರವಾಗಲಾರದೆಂದು ನಾವು ನಂಬುತ್ತೇವೆ.

ಸಂಘಗಳು ಮಾಡಬಹುದಾದುದು

ಹಗಲು ಹೋಟೆಲಿನಲ್ಲಿ ದುಡಿದ ಹುಡುಗರು ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತು 'ಮ್ಯಾಟ್ರಿಕ್' ಪಾಸಾದ ಕಥೆಯು ಮುಂಬಯಿ ಕನ್ನಡಿಗರ ಚರಿತ್ರೆಯ ಬಹು ದೊಡ್ಡ ಅಧ್ಯಾಯ. ಸರಕಾರವು ಬಂದು ಮಾಡಲೆಂದು ನಮ್ಮ ಹಿರಿಯರು ಕಾದು ಕುಳಿತಿದ್ದರೆ ಆ ಶಾಲೆಗಳು ಹುಟ್ಟುತ್ತಿರಲಿಲ್ಲ. ಅದೇ ಸಂಘಶಕ್ತಿಯನ್ನು ಈ ಕಾರ್ಯಕ್ಕೂ ತಿರುಗಿಸಲು ಹೆಚ್ಚಿನ ಹಣವು ಬೇಕಾಗಿಲ್ಲ. ನಮಗೆ ತೋರುವ ಕೆಲವು ಸೂಚನೆಗಳನ್ನು ಇಲ್ಲಿ ಕೊಡುತ್ತೇವೆ.

ಮೊದಲನೆಯದಾಗಿ, ಪ್ರತಿಯೊಂದು ಹೋಟೆಲಿನಲ್ಲಿಯೂ ಪ್ರತಿಯೊಂದು ಚಾಳಿನಲ್ಲಿಯೂ ಇಬ್ಬರನ್ನು ಸುದ್ದಿಯ ಹೊಣೆಗೆ ನೇಮಿಸಬೇಕು. ಅವರಿಗೆ ಸ್ಥಳೀಯ ಭಾಷೆಯೂ ಕನ್ನಡವೂ ಚೆನ್ನಾಗಿ ಬರಬೇಕು. ಹವಾಮಾನ ಇಲಾಖೆಯ ಬಣ್ಣಗಳ ಅರ್ಥವು ಅವರಿಗೆ ಗೊತ್ತಿರಬೇಕು: ಹಳದಿಯೆಂದರೆ ಗಮನವಿಡಿರಿ, ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ಕೂಡಲೆ ಕಾರ್ಯಕ್ಕಿಳಿಯಿರಿ. ಒಂದು ದಿನದಲ್ಲಿ ೬೪.೫ ಮಿಲ್ಲಿಮೀಟರಿಗೆ ಮೇಲ್ಪಟ್ಟುದು ಭಾರಿ ಮಳೆ, ೧೧೫.೫ಕ್ಕೆ ಮೇಲ್ಪಟ್ಟುದು ಅತಿ ಭಾರಿ, ೨೦೪.೪ನ್ನು ಮೀರಿದುದು ಅತ್ಯಂತ ಭಾರಿ ಮಳೆಯೆಂದು ಇಲಾಖೆಯ ಲೆಕ್ಕ.

ಎರಡನೆಯದಾಗಿ, ಮುಂಬಯಿಯಲ್ಲಿ ಮಳೆಗಾಲಕ್ಕೆ ಮುಂಚೆ ನಗರಪಾಲಿಕೆಯು ಪ್ರಕಟಿಸುವ ದೊಡ್ಡ ಉಬ್ಬರದ ದಿನಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಗಲ್ಲಾದ ಹಿಂದೆ ಅಂಟಿಸಬೇಕು. ಉಬ್ಬರವು ನಾಲ್ಕೂವರೆ ಮೀಟರನ್ನು ಮೀರಿದ ವೇಳೆಯಲ್ಲಿ ಭಾರಿ ಮಳೆಯೂ ಕೂಡಿಕೊಂಡರೆ ಚರಂಡಿಯ ನೀರು ಕಡಲಿಗೆ ಇಳಿಯಲಾರದೆ ಬೀದಿಗೇ ಮರಳುತ್ತದೆ. ಆ ಗಂಟೆಗಳನ್ನು ಮೊದಲೇ ತಿಳಿದವನು ಪ್ರಯಾಣವನ್ನು ಮುಂದಕ್ಕೆ ಹಾಕಬಹುದು. ಪಟ್ಟಿಯ ಪಕ್ಕದಲ್ಲಿಯೇ ಎರಡು ಸಂಖ್ಯೆಗಳಿರಲಿ: ದೇಶದ ಎಲ್ಲೆಡೆಗೂ ತುರ್ತು ಕರೆಗೆ ೧೧೨; ಮುಂಬಯಿ ನಗರಪಾಲಿಕೆಯ ವಿಪತ್ತು ವಿಭಾಗಕ್ಕೆ ೧೯೧೬.

ಮೂರನೆಯದಾಗಿ, ಮಲಗುವ ಸ್ಥಳದ ವಿಚಾರ. ಒಳಗೆ ಜನರಿರುವಾಗ ಹೊರಗಿನಿಂದ ಬೀಗ ಹಾಕಬಾರದು. ನೀರು ಒಳಗೆ ಬರುವ ಮೊದಲೇ ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ಆರಿಸುವುದು, ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚುವುದು, ನೀರಿನಲ್ಲಿ ನಿಂತು ಯಾವ ಸ್ವಿಚ್ಚನ್ನೂ ಮುಟ್ಟದಿರುವುದು, ಇವು ಹಿರಿಯ ಭಟ್ಟರಿಂದ ಹಿಡಿದು ಹೊಸ ಹುಡುಗನವರೆಗೆ ಎಲ್ಲರಿಗೂ ಕೈವಶವಾಗಿರಬೇಕು. ಯಾವ ಮಹಡಿಗೆ ಏರಬೇಕೆಂಬುದನ್ನು ಕಟ್ಟಡದವರೊಡನೆ ಮಳೆಗಾಲಕ್ಕೆ ಮೊದಲೇ ಮಾತಾಡಿಕೊಂಡಿರಬೇಕು.

ನಾಲ್ಕನೆಯದಾಗಿ, ಪ್ರತಿಯೊಂದು ಸಂಘವೂ ತನ್ನ ಪ್ರದೇಶದ ನೌಕರರ ಹೆಸರು, ಊರು, ಮನೆಯವರ ದೂರವಾಣಿ ಸಂಖ್ಯೆ, ರಕ್ತದ ಗುಂಪು ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಲೆಕ್ಕಪತ್ರದಲ್ಲಿ ನುರಿತ ನಮ್ಮ ಗುಮಾಸ್ತ ಬಂಧುಗಳಿಗೆ ಇದು ಎರಡು ಭಾನುವಾರಗಳ ಕೆಲಸ. ಐದನೆಯದಾಗಿ, ವರ್ಷಕ್ಕೊಮ್ಮೆ, ಮೇ ತಿಂಗಳಿನಲ್ಲಿ, ಇದೆಲ್ಲವನ್ನೂ ನಡೆಸಿ ನೋಡಬೇಕು. ಅಗ್ನಿಶಾಮಕ ದಳದವರನ್ನೂ ವೈದ್ಯರನ್ನೂ ಕರೆಸಿ ಪ್ರಥಮ ಚಿಕಿತ್ಸೆಯನ್ನು ಕಲಿಯಬೇಕು. ತಮಿಳರ, ಮರಾಠಿಗರ, ಉತ್ತರ ಹಿಂದೂಸ್ತಾನದವರ ಸಂಘಗಳನ್ನೂ ಜತೆಗೆ ಸೇರಿಸಿಕೊಳ್ಳಬೇಕು. ಹದಿಮೂರು ರಾಷ್ಟ್ರಗಳು ಒಂದು ಮಂಡಲಿಯಲ್ಲಿ ಕುಳಿತುಕೊಳ್ಳಬಹುದಾದರೆ ಒಂದು ಓಣಿಯ ನಾಲ್ಕು ಭಾಷೆಯವರು ಒಂದು ಚಾವಡಿಯಲ್ಲಿ ಕೂಡಲು ಅಡ್ಡಿಯೇನು?

ಇದು ಸರಕಾರದ ಕೆಲಸವಲ್ಲವೆ ಎಂಬ ಆಕ್ಷೇಪಣೆಗೆ ನಮ್ಮ ಉತ್ತರವಿಷ್ಟು. ಸರಕಾರದ ಹೊಣೆಯು ಖಂಡಿತವಾಗಿಯೂ ಇದೆ. ೨೦೦೫ರ ವಿಪತ್ತು ನಿರ್ವಹಣಾ ಕಾಯಿದೆಯು ಅದನ್ನು ಬರೆದಿಟ್ಟಿದೆ. ಅದನ್ನು ಕೇಳಿ ಪಡೆಯುವ ಹಕ್ಕು ನಮಗಿದೆ. ಆದರೆ ರಕ್ಷಣಾ ದಳವು ಬರುವುದಕ್ಕೆ ಮೊದಲಿನ ಕೆಲವು ಗಂಟೆಗಳಲ್ಲಿ ಇರುವವರು ನಾವೇ. ಇನ್ನು, ಹತ್ತು ಸಲ ಎಚ್ಚರಿಕೆ ಕೊಟ್ಟು ಒಂಬತ್ತು ಸಲ ಏನೂ ಆಗದಿದ್ದರೆ ಜನರು ನಗಲಾರರೆ ಎಂದು ಕೇಳುವವರೂ ಇದ್ದಾರೆ. ನಗಲಿ. 'ನಿಸರ್ಗ'ವು ಕೊನೆಯ ಗಳಿಗೆಯಲ್ಲಿ ಮುಂಬಯಿಯನ್ನು ಬಿಟ್ಟು ರಾಯಗಡ, ರತ್ನಾಗಿರಿ ಜಿಲ್ಲೆಗಳ ತೋಟ ಮನೆಗಳನ್ನು ಹಾಳುಗೆಡವಿತು. ಆ ದಿನ ಮುಂಬಯಿಯಲ್ಲಿ ಮಾಡಿದ ಸಿದ್ಧತೆಯು ವ್ಯರ್ಥವಾಯಿತೆನ್ನುವವನು, ಮನೆಗೆ ಕಳ್ಳನು ಬಾರದ ವರ್ಷ ಬೀಗದ ದುಡ್ಡು ದಂಡವಾಯಿತೆನ್ನುವವನಿಗೆ ಸಮಾನನು.

ಮುಂದಿನ ಮಳೆಗಾಲವು ತನ್ನ ಕಾಲಕ್ಕೆ ಬಂದೇ ಬರುತ್ತದೆ. ಅದರೊಡನೆ ಬರುವ ಗಾಳಿಗೆ ಯಾವ ದೇಶದವರು ಇಟ್ಟ ಹೆಸರಿರುತ್ತದೆಂಬುದು ಮುಖ್ಯವಲ್ಲ. ದಿಲ್ಲಿಯಿಂದಲೂ ಹೈದರಾಬಾದಿನಿಂದಲೂ ಸುದ್ದಿಯು ನಗರದವರೆಗೆ ಬರುತ್ತದೆ. ಅಲ್ಲಿಂದ ಹೋಟೆಲಿನ ಅಟ್ಟದ ಮೇಲೆ ಮಲಗಿದ ಹುಡುಗನವರೆಗೆ ಅದನ್ನು ಒಯ್ಯುವುದು ಆ ಹೋಟೆಲಿನವರ, ಆ ಚಾಳಿನವರ, ನಮ್ಮ ಸಂಘಗಳವರ ಕೆಲಸ. ಈ ಭಾನುವಾರದ ಸಭೆಯಲ್ಲಿ ಒಬ್ಬರಾದರೂ ಎದ್ದುನಿಂತು ಹೆಸರಿನ ಪುಸ್ತಕವನ್ನು ತೆರೆಯೋಣವೆಂದು ಹೇಳಿದರೆ ನಾವು ಬರೆದುದು ಸಾರ್ಥಕವಾದೀತು.